ಮೆಟ್ಟು ಕೇಳಿಕೊಂಡು ಬಂದ ಪಿಶಾಚಿ

ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಮಹಜರು ಬರೆದು ಸವೆದವನು ನಾನು. ಹಾಗಾಗಿ ಮಗಳು ತೋರಿಸಿದ ‘ವಾಟ್ ವಿ ಡೂ ಇನ್ ದಿ ಶ್ಯಾಡೋಸ್’ ಎಂಬ ಹಾಸ್ಯ ಧಾರಾವಾಹಿಯಲ್ಲಿ ನನಗೆ ಹಿಡಿಸಿದ್ದು ಕೋರೆಹಲ್ಲಲ್ಲ, ಬಾಡಿಗೆ ಬಾಕಿ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಒಂದೇ ಮನೆಯಲ್ಲಿ ಬಿಡಾರ ಹೂಡಿದ ರಕ್ತಪಿಶಾಚಿಗಳ ಕತೆ ಅದು. 2020ರ ‘ಆನ್ ದಿ ರನ್’ ಕಂತಿನಲ್ಲಿ ಹಳೆಯ ಮನೆಮಾಲೀಕ ಜಿಮ್, ಅವನೂ ಪಿಶಾಚಿಯೇ, ತಲೆಮಾರುಗಳ ಹಿಂದಿನ ಬಾಕಿ ವಸೂಲಿಗೆ ಬರುತ್ತಾನೆ. ಬಾಕಿ ಉಳಿಸಿಕೊಂಡಿದ್ದ ಲಾಸ್ಲೋ ಎಂಬ ಪಿಶಾಚಿ ಪೆನ್ಸಿಲ್ವೇನಿಯಾಕ್ಕೆ ಪರಾರಿ. ಜೀನ್ಸ್ ತೊಟ್ಟು, ಹಲ್ಲುಕಡ್ಡಿ ಕಚ್ಚಿಕೊಂಡು, ಜಾಕಿ ಡೇಟೋನಾ ಎಂಬ ಹೆಸರಲ್ಲಿ ಬಾರ್ ನಡೆಸುತ್ತಾನೆ. ಊರ ಹುಡುಗಿಯರ ವಾಲಿಬಾಲ್ ತಂಡಕ್ಕೆ ದುಡ್ಡು ಹೊಂದಿಸಲು ಒದ್ದಾಡುತ್ತಾನೆ.

“ಪಿಶಾಚಿಗೆ ಬಾಡಿಗೆ ಏನಪ್ಪಾ!” ಎಂದು ಮಗಳು ನಕ್ಕಳು. ನನಗೆ ಹಳೆಯದೊಂದು ಕಡತ ನೆನಪಾಯಿತು.

1718ರ ಒಪ್ಪಂದದಲ್ಲಿ ಉತ್ತರ ಸೆರ್ಬಿಯಾ ತುರ್ಕರ ಕೈತಪ್ಪಿ ಆಸ್ಟ್ರಿಯಾದ ಪಾಲಾಗಿತ್ತು. 1725ರಲ್ಲಿ ಅಲ್ಲಿನ ಕಿಸಿಲ್ಯೆವೋ ಎಂಬ ಹಳ್ಳಿಯಲ್ಲಿ ಪೀಟರ್ ಬ್ಲಾಗೊಯೆವಿಚ್ ಎಂಬ ರೈತ ತೀರಿಕೊಂಡ. ಅವನನ್ನು ಹೂತು ಹತ್ತು ವಾರವಾದ ಮೇಲೆ, ಒಂದೇ ವಾರದೊಳಗೆ ಒಂಬತ್ತು ಜನ ಸತ್ತರು. ನಿದ್ದೆಯಲ್ಲಿ ಪೀಟರ್ ಬಂದು ಮೈಮೇಲೆ ಬಿದ್ದು ಕತ್ತು ಹಿಸುಕಿದನೆಂದು ಸಾಯುವ ಮುಂಚೆ ಹೇಳಿದರಂತೆ. ಗೋರಿ ಅಗೆಯಬೇಕೆಂದು ಊರವರು ಪಟ್ಟು ಹಿಡಿದರು. ಆಸ್ಟ್ರಿಯಾದ ಅಧಿಕಾರಿ ಫ್ರೊಂಬಾಲ್ಡ್, ಬೆಲ್‌ಗ್ರೇಡಿನಿಂದ ಮಂಜೂರಾತಿ ಬರಲಿ ಎಂದ. ಅದು ಬರುವಷ್ಟರಲ್ಲಿ ಊರೇ ಇರುವುದಿಲ್ಲ ಎಂದರು ಅವರು. ಈ ಮಾತು ಯಾವ ಕಚೇರಿಯ ಮುಂದೆ ಕೇಳಿಬಂದಿಲ್ಲ ಹೇಳಿ?

ಕೊನೆಗೆ ಫ್ರೊಂಬಾಲ್ಡ್ ಪಾದ್ರಿಯನ್ನು ಕರೆದುಕೊಂಡು ಹೋಗಿ ನೋಡಿದ, ಬರೆದ. ಮೂಗು ಕೊಂಚ ಕುಸಿದದ್ದು ಬಿಟ್ಟರೆ ಹೆಣ ತಾಜಾ, ಕೂದಲು, ಗಡ್ಡ, ಉಗುರು ಬೆಳೆದಿವೆ, ಬಾಯಲ್ಲಿ ರಕ್ತ. ಊರವರು ಎದೆಗೆ ಗೂಟ ಹೊಡೆದು ಸುಟ್ಟರು. ಕೊಳೆಯುವ ಹೆಣದೊಳಗಿನ ಗಾಳಿ ಕೆಂಪು ದ್ರವವನ್ನು ಬಾಯಿಗೆ ನೂಕುತ್ತದೆ, ಚರ್ಮ ಮುದುಡಿ ಉಗುರು ಉದ್ದವಾದಂತೆ ಕಾಣುತ್ತದೆ ಎನ್ನುವುದು ಈಗ ಗೊತ್ತಿರುವ ವಿಷಯ. ಫ್ರೊಂಬಾಲ್ಡನ ಒಕ್ಕಣೆಯ ಕೊನೆ ಮಾತ್ರ ನಮ್ಮವರದ್ದೇ: ತಪ್ಪೇನಾದರೂ ಆಗಿದ್ದರೆ ಅದು ನನ್ನದಲ್ಲ, ಭಯದಿಂದ ತಲೆಕೆಟ್ಟ ಜನರದ್ದು. ನಾನೂ ಇಂಥ ಷರಾ ಬರೆದು ಬಚಾವಾಗಿದ್ದೇನೆ.

ಆ ಜುಲೈನಲ್ಲಿ ವರದಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. 1732ರಲ್ಲಿ ಸೇನೆಯ ವೈದ್ಯರು ಇನ್ನೊಂದು ಸೆರ್ಬಿಯನ್ ಹಳ್ಳಿಯಲ್ಲಿ ಗೋರಿಗಳನ್ನು ತೆಗೆಸಿ ಬರೆದದ್ದು ಯುರೋಪಿನಾದ್ಯಂತ ಹಬ್ಬಿತು. 1755ರಲ್ಲಿ ಮಹಾರಾಣಿ ಮರಿಯಾ ಥೆರೇಸಾ ತನ್ನ ವೈದ್ಯ ವಾನ್ ಸ್ವೀಟನ್‌ನಿಂದ ವಿಚಾರಣೆ ಮಾಡಿಸಿ, ಇಂಥ ಹೆಣ ಸುಡುವುದನ್ನೆಲ್ಲ ನಿಷೇಧಿಸಿದಳು. ಅಲ್ಲಿಂದ ಪಿಶಾಚಿ ಸಾಹಿತಿಗಳ ಪಾಲು. 1819ರಲ್ಲಿ ಪೊಲಿಡೋರಿ ಅದನ್ನು ಲಾರ್ಡ್ ಮಾಡಿದ. 1897ರಲ್ಲಿ ಬ್ರಾಮ್ ಸ್ಟೋಕರ್ ಕನ್ನಡಿಯಲ್ಲಿ ಕಾಣದ ಹಾಗೆ ಮಾಡಿದ. ಬಿಸಿಲಿಗೆ ಸಾಯುವುದನ್ನು ಕಲಿಸಿದ್ದು 1922ರ ‘ನೊಸ್ಫೆರಾಟು’ ಸಿನಿಮಾ. ರೈತನ ಹೆಣಕ್ಕೆ ಇಷ್ಟೆಲ್ಲ ಠೀವಿ ಬಂದದ್ದು ಹೀಗೆ. ಬಾಡಿಗೆಗೆ ಹೆದರಿ ಓಡುವ ಲಾಸ್ಲೋ ನನಗೆ ಅದರ ಹಳೆಯ ನೆಂಟನ ಹಾಗೆ ಕಂಡ.

ಏಕೆಂದರೆ ಪೀಟರನ ಹೆಂಡತಿ ಹೇಳಿದ್ದೂ ಆ ವರದಿಯಲ್ಲಿದೆ. ಗಂಡ ಬಂದು ರಕ್ತ ಕೇಳಲಿಲ್ಲ, ತನ್ನ ಮೆಟ್ಟು ಕೇಳಿದನಂತೆ. ಅವಳು ಊರು ಬಿಟ್ಟು ಬೇರೆ ಹಳ್ಳಿಗೆ ಹೋದಳು. ಮೆಟ್ಟು ಕೊಟ್ಟಳೋ ಇಲ್ಲವೋ, ಫ್ರೊಂಬಾಲ್ಡ್ ದಾಖಲಿಸಿಲ್ಲ. ನಾನಾಗಿದ್ದರೆ ಕೇಳಿ ಬರೆದುಕೊಳ್ಳುತ್ತಿದ್ದೆ.