ಎಕ್ಸ್ ಜಪಾನ್ ತಂಡದ ಜನಪ್ರಿಯ ಗೀತೆಗಳು

ಎಕ್ಸ್ ಜಪಾನ್: ಜಪಾನಿನ ಹೆಸರಾಂತ ರಾಕ್ ತಂಡ. ಚಿಬಾ ಪ್ರಾಂತದ ತತೆಯಾಮಾ ಪಟ್ಟಣದ ಬಾಲ್ಯದ ಗೆಳೆಯರಾದ ಯೋಶಿಕಿ ಮತ್ತು ತೋಶಿ 1982ರಲ್ಲಿ ಇದನ್ನು ‘ಎಕ್ಸ್’ ಎಂಬ ಹೆಸರಿನಲ್ಲಿ ಕಟ್ಟಿದರು. ಅಮೆರಿಕದಲ್ಲಿ ಅದೇ ಹೆಸರಿನ ಇನ್ನೊಂದು ತಂಡವಿದ್ದುದರಿಂದ 1992ರಲ್ಲಿ ಹೆಸರಿಗೆ ‘ಜಪಾನ್’ ಸೇರಿತು. ತೋಶಿ ಗಾಯಕ; ಹಿದೆ ಮತ್ತು ಪಾತಾ ಗಿಟಾರ್ ವಾದಕರು; ಬಾಸ್ ಗಿಟಾರ್ ನುಡಿಸುತ್ತಿದ್ದ ತಾಯ್‌ಜಿ 1992ರಲ್ಲಿ ಹೊರಬಂದ ಮೇಲೆ ಆ ಸ್ಥಾನಕ್ಕೆ ಹೀತ್ ಬಂದರು. ಬಹುಪಾಲು ಹಾಡುಗಳನ್ನು ರಚಿಸಿದ ಯೋಶಿಕಿ ಡ್ರಮ್ ವಾದಕರೂ ಹೌದು, ಪಿಯಾನೊ ವಾದಕರೂ ಹೌದು. ತಂಡದ ಹೆಸರಾದ ಹಾಡುಗಳೂ ಹಾಗೆಯೇ ಎರಡು ಬಗೆ: ಡ್ರಮ್ಮಿನ ನಾಗಾಲೋಟದವು ಕೆಲವು, ಪಿಯಾನೊ ಆಧರಿಸಿದ ನಿಧಾನಗತಿಯವು ಕೆಲವು.

ವೇಗದ ಹಾಡುಗಳು

‘ಕುರೆನಾಯ್’ (ಕಡುಗೆಂಪು) ತಂಡದ ಗುರುತಿನ ಹಾಡು. ಇದರ ಇಂಗ್ಲಿಷ್ ರೂಪ 1988ರ ‘ವ್ಯಾನಿಶಿಂಗ್ ವಿಷನ್’ ಆಲ್ಬಮ್ಮಿನಲ್ಲಿತ್ತು. ಆ ಆಲ್ಬಮ್ ಹೊರತಂದದ್ದು ಯೋಶಿಕಿ ಸ್ವತಃ ಸ್ಥಾಪಿಸಿದ ಎಕ್ಸ್ಟಸಿ ರೆಕಾರ್ಡ್ಸ್. ಜಪಾನಿ ಸಾಹಿತ್ಯದೊಂದಿಗೆ ಮರುರೂಪ ಪಡೆದು ಹಾಡು 1989ರ ‘ಬ್ಲೂ ಬ್ಲಡ್’ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಂಗಲ್ ಆಗಿಯೂ ಬಂತು. ಪ್ರೌಢಶಾಲಾ ಬೇಸ್‌ಬಾಲ್ ಪಂದ್ಯಗಳಲ್ಲಿ ಹುರಿದುಂಬಿಸುವ ವಾದ್ಯವೃಂದಗಳು ಇಂದಿಗೂ ಇದನ್ನು ನುಡಿಸುತ್ತವೆ. 2024ರ ‘ಕರವೊಕೆ ಇಕೊ!’ ಚಲನಚಿತ್ರದಲ್ಲಿ ಭೂಗತ ಲೋಕದವನೊಬ್ಬ ಶಾಲಾ ಹುಡುಗನಿಂದ ಹಾಡುಗಾರಿಕೆ ಕಲಿಯಲು ಹೆಣಗುವುದು ಈ ಹಾಡಿಗಾಗಿಯೇ.

‘ಬ್ಲೂ ಬ್ಲಡ್’ನಲ್ಲೇ ಇರುವ ‘ಎಕ್ಸ್’ ಕಛೇರಿಗಳಲ್ಲಿ ಮೆರೆದ ಹಾಡು. ಪಲ್ಲವಿ ಬಂದೊಡನೆ ಸಾವಿರಾರು ಶ್ರೋತೃಗಳು ತಲೆಯ ಮೇಲೆ ತೋಳುಗಳನ್ನು ಕತ್ತರಿಯಾಗಿ ಹಿಡಿದು ಒಟ್ಟಿಗೆ ಜಿಗಿಯುತ್ತಾರೆ. 1991ರ ‘ಸೈಲೆಂಟ್ ಜೆಲಸಿ’ ಪಿಯಾನೊದಿಂದ ಆರಂಭವಾಗಿ ಮಿಂಚಿನ ವೇಗಕ್ಕೆ ಹೊರಳುತ್ತದೆ. 1994ರ ‘ರಸ್ಟಿ ನೇಲ್’ ಜಪಾನಿನ ಒರಿಕಾನ್ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ನಿಧಾನಗತಿಯ ಹಾಡುಗಳು

1989ರ ಡಿಸೆಂಬರಿನಲ್ಲಿ ಸಿಂಗಲ್ ಆಗಿ ಬಂದ ‘ಎಂಡ್‌ಲೆಸ್ ರೇನ್’ನ ಪಲ್ಲವಿಯನ್ನು ವಾದ್ಯಗಳು ನಿಂತ ಮೇಲೂ ಪ್ರೇಕ್ಷಕರು ಹಾಡುತ್ತಲೇ ಇರುವುದು ವಾಡಿಕೆಯಾಯಿತು. 1993ರ ‘ಟಿಯರ್ಸ್’ ಕೊರಿಯಾದಲ್ಲೂ ಮನೆಮಾತಾಯಿತು. 2004ರ ಕೊರಿಯನ್ ಚಿತ್ರ ‘ವಿಂಡ್‌ಸ್ಟ್ರಕ್’ ಇದನ್ನು ಬಳಸಿಕೊಂಡಿತು.

1996ರ ‘ಫಾರೆವರ್ ಲವ್’ ಕ್ಲ್ಯಾಂಪ್ ಬಳಗದ ಮಾಂಗಾ ಆಧರಿಸಿದ ‘ಎಕ್ಸ್’ ಅನಿಮೇಷನ್ ಚಿತ್ರದ ಹಾಡು. 1997ರ ಡಿಸೆಂಬರ್ 31ರಂದು ಟೋಕಿಯೊ ಡೋಮ್‌ನಲ್ಲಿ ಕೊನೆಯ ಕಛೇರಿ ನಡೆಸಿ ತಂಡ ಚದುರಿತು. 1998ರ ಮೇ 2ರಂದು ಹಿದೆ ತೀರಿಕೊಂಡಾಗ, ಅವರ ಅಂತ್ಯವಿಧಿಯಲ್ಲಿ ಯೋಶಿಕಿಯ ಪಿಯಾನೊಗೆ ತೋಶಿ ಹಾಡಿದ್ದು ಇದೇ ‘ಫಾರೆವರ್ ಲವ್’. ಮುಂದೆ, ತಂಡದ ಅಭಿಮಾನಿಯಾಗಿದ್ದ ಜುನಿಚಿರೊ ಕೊಯಿಜುಮಿ ಪ್ರಧಾನಿಯಾಗಿದ್ದಾಗ ಅವರ ಪಕ್ಷದ ಜಾಹೀರಾತಿನಲ್ಲೂ ಇದು ಕೇಳಿಬಂತು.

‘ಆರ್ಟ್ ಆಫ್ ಲೈಫ್’

ಎರಡು ಧಾರೆಗಳೂ ಕೂಡುವುದು 1993ರ ‘ಆರ್ಟ್ ಆಫ್ ಲೈಫ್’ನಲ್ಲಿ. ಸುಮಾರು 29 ನಿಮಿಷಗಳ ಈ ಒಂದೇ ಕೃತಿ ಇಡೀ ಆಲ್ಬಮ್ಮನ್ನು ತುಂಬಿದೆ. ಸಾಹಿತ್ಯ ಪೂರ್ತಿ ಇಂಗ್ಲಿಷ್; ಜೊತೆಗೆ ನುಡಿಸಿದ್ದು ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯಮೇಳ. ನಡುವೆ ಬರುವ ದೀರ್ಘ ಪಿಯಾನೊ ಭಾಗದಲ್ಲಿ ಮಧುರ ಸ್ವರಗಳು ಬರಬರುತ್ತ ಅಪಸ್ವರಗಳಾಗಿ ಒಡೆಯುತ್ತವೆ. ರೇಡಿಯೊದ ಅಳತೆಗೆ ಒಗ್ಗದ ಈ ಕೃತಿಯೂ ಒರಿಕಾನ್ ಪಟ್ಟಿಯ ತುದಿ ಮುಟ್ಟಿತು.

ಪ್ರಭಾವ

ಕೆದರಿ ನಿಲ್ಲಿಸಿದ ಬಣ್ಣದ ಕೂದಲು, ಗಾಢ ಪ್ರಸಾಧನ ಮುಖ್ಯವಾದ ‘ವಿಷುಯಲ್ ಕೇ’ ಪಂಥದ ಆದ್ಯರಲ್ಲಿ ಈ ತಂಡ ಒಂದು. 2007ರಲ್ಲಿ ತಂಡ ಮತ್ತೆ ಕೂಡಿ, ‘ಸಾ’ ಚಿತ್ರಸರಣಿಯ ನಾಲ್ಕನೆಯ ಭಾಗಕ್ಕೆ ‘ಐ.ವಿ.’ ಹಾಡನ್ನು ನೀಡಿತು. 2014ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, 2017ರಲ್ಲಿ ಲಂಡನ್ನಿನ ವೆಂಬ್ಲಿ ವೇದಿಕೆಗಳನ್ನು ಏರಿತು. ತಾಯ್‌ಜಿ 2011ರಲ್ಲಿ, ಹೀತ್ 2023ರಲ್ಲಿ ನಿಧನರಾದರು.