ಸಂರಚನಾ ಕಡತಗಳ ವಿಲೀನ

ಸಂರಚನಾ ಕಡತಗಳ ವಿಲೀನವೆಂದರೆ, ಕಾರ್ಯಾಚರಣ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವಾಗ ಬಳಕೆದಾರರು ತಮ್ಮ ಅಗತ್ಯಕ್ಕೆ ಮಾಡಿಕೊಂಡ ತಿದ್ದುಪಡಿಗಳನ್ನೂ ತಯಾರಕರು ಹೊಸದಾಗಿ ತಂದ ಬದಲಾವಣೆಗಳನ್ನೂ, ಎರಡಕ್ಕೂ ಚ್ಯುತಿ ಬಾರದಂತೆ, ಒಂದೇ ಕಡತದಲ್ಲಿ ಕೂಡಿಸುವ ಕ್ರಮ. ಕೀಲಿಮಣೆ, ಭಾಷೆ, ಪ್ರಿಂಟರ್, ಜಾಲಸಂಪರ್ಕ ಮೊದಲಾದವು ಹೇಗೆ ನಡೆಯಬೇಕೆಂದು ಸೂಚಿಸುವ ಸಾದಾ ಪಠ್ಯವೇ ಸಂರಚನಾ ಕಡತ. ಲಿನಕ್ಸ್ ಮತ್ತು ಬಿಎಸ್‌ಡಿ ವ್ಯವಸ್ಥೆಗಳಲ್ಲಿ ಇಂಥವು ಹೆಚ್ಚಾಗಿ ಇಟಿಸಿ ಎಂಬ ಕೋಶದಲ್ಲಿರುತ್ತವೆ.

ಕನ್ನಡದಲ್ಲಿ ಕೆಲಸ ಮಾಡುವ ಕಂಪ್ಯೂಟರುಗಳಲ್ಲಿ ಸ್ಥಳೀಯ ತಿದ್ದುಪಡಿ ಅನಿವಾರ್ಯವಾದುದರಿಂದ ವಿಲೀನದ ಎಚ್ಚರ ಅಲ್ಲಿ ಇನ್ನೂ ಹೆಚ್ಚು ಬೇಕು. ಹಾವೇರಿ ಅಥವಾ ರಾಣೆಬೆನ್ನೂರಿನ ಡಿಟಿಪಿ ಅಂಗಡಿಯೊಂದು ಲಿನಕ್ಸಿನ ಒಂದು ರೂಪವಾದ ಡೆಬಿಯನ್ ಬಳಸುತ್ತಿದ್ದರೆ, ಅದರ ಕೀಲಿಮಣೆ ಕಡತದ ಒಂದು ಸಾಲಿನಲ್ಲಿ ಇಂಗ್ಲಿಷ್ ಮತ್ತು ಭಾರತೀಯ ವಿನ್ಯಾಸಗಳ ಸಂಕೇತಗಳೂ, ಮುಂದಿನ ಸಾಲಿನಲ್ಲಿ ಮೊದಲಿಗೆ ಒಂದು ಅಲ್ಪವಿರಾಮ, ಬಳಿಕ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದ ಹೆಸರಾದ ಕಗಪ ಪ್ರಭೇದದ ಸಂಕೇತವೂ ಇರಬಹುದು. ಇಂಗ್ಲಿಷ್ ವಿನ್ಯಾಸಕ್ಕೆ ಪ್ರಭೇದವಿಲ್ಲವೆಂದು ತಿಳಿಸುವುದೇ ಆ ಅಲ್ಪವಿರಾಮದ ಕೆಲಸ. ಕಡತಗಳನ್ನು ಕೈಯಾರೆ ಕೂಡಿಸುವಾಗ ಅದು ಬಿಟ್ಟುಹೋದರೆ ಕಗಪ ಪ್ರಭೇದವು ಇಂಗ್ಲಿಷಿನ ಪಾಲಿಗೆ ಹೋಗಿ ಕನ್ನಡ ಅಕ್ಷರಗಳು ಮೂಡದಂತಾಗುತ್ತದೆ.

ಸುರಕ್ಷಿತ ವಿಲೀನಕ್ಕೆ ಎರಡಲ್ಲ, ಮೂರು ಪಠ್ಯಗಳು ಬೇಕು: ತಯಾರಕರ ಹಳೆಯ ಮೂಲ, ಅದನ್ನು ತಿದ್ದಿದ ಸ್ಥಳೀಯ ಪ್ರತಿ ಮತ್ತು ತಯಾರಕರ ಹೊಸ ಮೂಲ. ಸ್ಥಳೀಯ ಪ್ರತಿಯಲ್ಲಿದ್ದು ಹೊಸ ಮೂಲದಲ್ಲಿಲ್ಲದ ಸಾಲನ್ನು ಬಳಕೆದಾರರು ಸೇರಿಸಿದರೋ ತಯಾರಕರು ತೆಗೆದರೋ ಎಂಬುದನ್ನು ಹಳೆಯ ಮೂಲವಿಲ್ಲದೆ ನಿರ್ಣಯಿಸಲಾಗದು. ಮೂರು ಪಠ್ಯಗಳನ್ನು ಹೋಲಿಸುವ ಡಿಫ್3 ಎಂಬ ಉಪಕರಣ 1979ರ ಯುನಿಕ್ಸ್ 7ನೇ ಆವೃತ್ತಿಯಲ್ಲೇ ಇತ್ತು; ಫ್ರೀಬಿಎಸ್‌ಡಿಯ ಇಟಿಸಿಅಪ್‌ಡೇಟ್ ಇದೇ ತತ್ತ್ವವನ್ನು ಅನುಸರಿಸುತ್ತದೆ. ಡೆಬಿಯನ್ನಿನಲ್ಲಿ ತಂತ್ರಾಂಶಗಳನ್ನು ಸ್ಥಾಪಿಸುವ ಡಿಪಿಕೆಜಿಯಾದರೋ ಹಳೆಯ ಮೂಲದ ಎಂಡಿ5 ಮೊತ್ತವನ್ನು, ಅಂದರೆ ಕಡತದ ಗುರುತನ್ನು ಮಾತ್ರ ಕಾದಿಡುವುದರಿಂದ, ಕಡತ ಬದಲಾಗಿದೆಯೆಂಬುದನ್ನು ಅರಿಯಬಲ್ಲುದೇ ಹೊರತು ಏನು ಬದಲಾಗಿದೆಯೆಂಬುದನ್ನಲ್ಲ. ಆದ್ದರಿಂದಲೇ ಎರಡೂ ಕಡೆ ಬದಲಾವಣೆಯಾಗಿದ್ದರೆ ಅದು ಬಳಕೆದಾರರನ್ನು ಕೇಳುತ್ತದೆ.

ಈ ಪ್ರಶ್ನೆಗೆಲ್ಲ ಕಣ್ಣುಮುಚ್ಚಿ ಹಳೆಯದನ್ನೇ ಉಳಿಸಿಕೊಳ್ಳುವ ರೂಢಿ ವ್ಯಾಪಕವಾಗಿದ್ದರೂ ಒಳ್ಳೆಯದಲ್ಲ, ಏಕೆಂದರೆ ತಯಾರಕರು ಭದ್ರತೆಗಾಗಿ ಮಾಡಿದ ಬದಲಾವಣೆಯೂ ಅದರೊಂದಿಗೆ ಹೊರಗುಳಿಯುತ್ತದೆ. ಹೀಗೆ ಹೊರಗುಳಿದ ಹೊಸ ಕಡತ ಡೆಬಿಯನ್ನಿನಲ್ಲಿ ಡಿಪಿಕೆಜಿ-ಡಿಸ್ಟ್ ಎಂಬ ಬಾಲದೊಡನೆ, ಫೆಡೋರಾದಲ್ಲಿ ಆರ್‌ಪಿಎಂನ್ಯೂ ಎಂಬ ಬಾಲದೊಡನೆ ಪಕ್ಕದಲ್ಲೇ ಉಳಿಯುವುದರಿಂದ, ಅವನ್ನು ಹುಡುಕಿ ಓದಿದ ಮೇಲಷ್ಟೇ ಕೆಲಸ ಮುಗಿಯಿತೆನ್ನಬೇಕು. ಜೋಯಿ ಹೆಸ್ ರೂಪಿಸಿದ ಇಟಿಸಿಕೀಪರ್ ಇಡೀ ಇಟಿಸಿ ಕೋಶದ ಇತಿಹಾಸವನ್ನು ದಾಖಲಿಸಿಟ್ಟು ಹಿಂದಿನ ಸ್ಥಿತಿಗೆ ಮರಳಲು ನೆರವಾಗುತ್ತದೆ. ಇದಕ್ಕೂ ಮೇಲಾದ ಮಾರ್ಗವೆಂದರೆ, ತಂತ್ರಾಂಶ ಅವಕಾಶ ಕೊಡುವಲ್ಲೆಲ್ಲ, ಮೂಲ ಕಡತವನ್ನು ಮುಟ್ಟದೆ ಸ್ಥಳೀಯ ಸೂಚನೆಗಳನ್ನು ಬೇರೆಯೇ ಸಣ್ಣ ಕಡತದಲ್ಲಿ ಬರೆಯುವುದು. ಆಗ ವಿಲೀನದ ಪ್ರಮೇಯವೇ ಬಹುಮಟ್ಟಿಗೆ ಒದಗದು.

ಕೂಡಿಸಿದ ಕಡತವನ್ನು ಪರೀಕ್ಷಿಸದೆ ಜಾರಿಗೆ ತರಬಾರದು. ದೂರದಿಂದ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಸೇವೆಯ ಕಡತದಲ್ಲಿ ಬದಲಾವಣೆಗಳು ಒಂದಕ್ಕೊಂದು ಹೊಂದದ ಕಡೆ ವಿಲೀನದ ಉಪಕರಣ ಗುರುತಾಗಿ ಬಿಟ್ಟ ಸಂಘರ್ಷ ಚಿಹ್ನೆಯೊಂದು ಉಳಿದರೂ ಸೇವೆ ಮತ್ತೆ ಆರಂಭವಾಗುವುದಿಲ್ಲವಾದ್ದರಿಂದ, ಹೊಸ ಸಂಪರ್ಕ ದೊರೆಯುವವರೆಗೆ ಹಳೆಯ ಸಂಪರ್ಕವನ್ನು ತೆರೆದೇ ಇಡಬೇಕು. ಹೊಸ ಆವೃತ್ತಿಗೆ ಏರಿಸುವ ದಿನದ ಆಯ್ಕೆಯೂ ಮುಖ್ಯ: ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಇ-ಟೆಂಡರ್ ಸೋಮವಾರ ಮತ್ತು ಗುರುವಾರ ನಡೆಯುವುದರಿಂದ, ಅಲ್ಲಿನ ದಲಾಲಿ ಅಂಗಡಿಗಳ ಕಂಪ್ಯೂಟರುಗಳಿಗೆ ಶುಕ್ರವಾರ ಸಂಜೆಯೇ ಸೂಕ್ತ; ಕನ್ನಡ ಬೆರಳಚ್ಚನ್ನೂ ಬಿಲ್ಲಿನ ಮುದ್ರಣವನ್ನೂ ಪರೀಕ್ಷಿಸಿ ಸರಿಪಡಿಸಲು ಆಗ ಎರಡು ದಿನ ಸಿಗುತ್ತವೆ.