ಕೋಲಾರದ ಗಣಿಯೂ ಭೂಮಿಯ ಕಾವೂ

ದಿಲ್ಲಿಯ ಚಾಣಕ್ಯಪುರಿಯ ಅಂಚಿನಲ್ಲಿ, ಕುರುಚಲು ಕಾಡಿನ ನಡುವೆ ತಲೆಯೆತ್ತಿರುವ ಬಂಡೆಗಳು ಅರಾವಳಿ ಶ್ರೇಣಿಯ ಉತ್ತರದ ತುದಿ. ಅವುಗಳ ವಯಸ್ಸು ನೂರು ಕೋಟಿ ವರ್ಷಗಳಿಗೂ ಮಿಗಿಲು. ರಾಜಧಾನಿಗಳ ಏಳುಬೀಳುಗಳನ್ನೆಲ್ಲ ಕಂಡ ದಿಣ್ಣೆಯಿದು. ಆದರೂ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆಯ ಮುಂದೆ ಇದು ಎಳೆಯದೇ ಸರಿ. ಆ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಇಂಥ ಸಂಖ್ಯೆಗಳು ವಿದ್ವಾಂಸರಿಗೆ ಸುಲಭವಾಗಿ ಒಪ್ಪಿಗೆಯಾದುವಲ್ಲ. ಭೂಮಿ ಹೇಗೆ ತಣ್ಣಗಾಗುತ್ತಿದೆಯೆಂಬ ಪ್ರಶ್ನೆಯ ಸುತ್ತ ದೀರ್ಘ ವಾದವೇ ನಡೆಯಿತು. ಆ ವಾದವನ್ನು ಪರೀಕ್ಷಿಸಲು ಕನ್ನಡ ನಾಡಿನ ಕೋಲಾರದ ಚಿನ್ನದ ಗಣಿ ಒಂದು ಒರೆಗಲ್ಲು.

೧೮೬೨ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದರು. ಒಮ್ಮೆ ಕರಗಿದ್ದ ಭೂಮಿ ಗಟ್ಟಿಯಾದ ಮೇಲೆ ಕಾದ ಕಲ್ಲಿನಂತೆ ಹೊರಮೈಯಿಂದ ಆರುತ್ತ ಬಂದಿದೆ. ಆಳಕ್ಕಿಳಿದಂತೆ ಕಾವು ಎಷ್ಟು ಬೇಗ ಏರುವುದೆಂದು ತಿಳಿದರೆ ಆರಲು ಹಿಡಿದ ಕಾಲವೂ ತಿಳಿಯುವುದು ಎಂಬುದು ಅವರ ತರ್ಕ. ಐವತ್ತು ಅಡಿಗೆ ಒಂದು ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಕಿಲೋಮೀಟರಿಗೆ ಸುಮಾರು ೩೬ ಡಿಗ್ರಿ ಸೆಂಟಿಗ್ರೇಡ್, ಎಂದು ಹಿಡಿದಾಗ ಬಂದ ಉತ್ತರ ೯.೮ ಕೋಟಿ ವರ್ಷ. ಅಳತೆಗಳ ಅನಿಶ್ಚಯವನ್ನು ಗಣಿಸಿ ಅದನ್ನು ೨ ಕೋಟಿಯಿಂದ ೪೦ ಕೋಟಿಯವರೆಗೆ ಸಡಿಲಿಸಿದರು. ಜೀವವಿಕಾಸಕ್ಕೆ ಅತಿದೀರ್ಘ ಕಾಲವನ್ನು ಬೇಡಿದ ಡಾರ್ವಿನ್ನರಿಗೆ ಈ ಲೆಕ್ಕ ದೊಡ್ಡ ತೊಡಕಾಯಿತು.

ಕೋಲಾರದಲ್ಲಿ ೧೮೮೦ರ ದಶಕದಿಂದ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಗಣಿಗಳು ಬೆಳೆದವು. ೧೯೦೨ರಲ್ಲಿ ಅವಕ್ಕೆ ಶಿವನಸಮುದ್ರದ ವಿದ್ಯುತ್ತು ಬಂದಿತು. ಕಾಲಕ್ರಮದಲ್ಲಿ ಚಾಂಪಿಯನ್ ರೀಫ್ ಗಣಿ ೩ ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯ ಕಾವು ೬೫ ಡಿಗ್ರಿಯ ಆಸುಪಾಸು. ತಂಪು ಗಾಳಿಯನ್ನು ಒಳಗೆ ಹಾಯಿಸದೆ ಕೆಲಸ ಸಾಗುವಂತಿರಲಿಲ್ಲ. ತಮಿಳು, ತೆಲುಗು, ಕನ್ನಡ ಮಾತಿನ ಕಾರ್ಮಿಕರು ತಲೆಮಾರುಗಳ ಕಾಲ ಆ ಧಗೆಯನ್ನೂ ಬಂಡೆ ಸಿಡಿಯುವ ಅಪಾಯವನ್ನೂ ತಾಳಿಕೊಂಡರು. ಆದರೂ ಲೆಕ್ಕಿಸಿ ನೋಡಿದರೆ ಅಲ್ಲಿ ಕಿಲೋಮೀಟರಿಗೆ ಏರಿದ ಕಾವು ಹನ್ನೆರಡು ಹದಿಮೂರು ಡಿಗ್ರಿ ಮಾತ್ರ. ಭೂಖಂಡಗಳಲ್ಲಿ ಸಾಮಾನ್ಯವಾಗಿ ಇದು ೨೫ರಿಂದ ೩೦. ಆ ಪ್ರಮಾಣದಲ್ಲಿ ಏರಿದ್ದರೆ ಗಣಿಯ ತಳ ಕುದಿಯುವ ನೀರಿನಷ್ಟು ಬಿಸಿಯಾಗಿರುತ್ತಿತ್ತು. ಧಾರವಾಡದ ಪ್ರಾಚೀನ ಶಿಲಾಖಂಡ ದಪ್ಪವಾಗಿ, ಬಹುಕಾಲದಿಂದ ಆರಿಕೊಂಡಿರುವುದೇ ಅಷ್ಟು ಆಳದ ಗಣಿಗಾರಿಕೆಗೆ ಎಡೆಕೊಟ್ಟಿತು.

ಕೆಲ್ವಿನ್ನರ ಸೂತ್ರದಲ್ಲಿ ಭೂಮಿಯ ವಯಸ್ಸು ಕಾವಿನ ಏರಿಕೆಯ ವರ್ಗಕ್ಕೆ ವಿಲೋಮ. ಅದಕ್ಕೆ ಕೋಲಾರದ ಅಳತೆಯನ್ನು ಹಾಕಿದರೆ ವಯಸ್ಸು ಸುಮಾರು ಎಂಟು ಪಟ್ಟು ಹೆಚ್ಚಿ ೮೦ ಕೋಟಿ ವರ್ಷಗಳ ಹತ್ತಿರ ಬರುವುದು. ಅದು ಕೂಡ ಲಾಲ್‌ಬಾಗಿನ ಬಂಡೆಯ ವಯಸ್ಸಿನ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಆದುದರಿಂದ ದೋಷವಿದ್ದುದು ಅಳತೆಗಿಂತ ಹೆಚ್ಚಾಗಿ ಲೆಕ್ಕದ ತಳಹದಿಯಲ್ಲಿ. ೧೮೯೫ರಲ್ಲಿ ಕೆಲ್ವಿನ್ನರ ಹಿಂದಿನ ಸಹಾಯಕ ಜಾನ್ ಪೆರಿ ಇದನ್ನು ಎತ್ತಿ ತೋರಿಸಿದರು: ಒಡಲಾಳದ ದ್ರವ್ಯ ಚಲಿಸಿ ಕಾವನ್ನು ಮೇಲಕ್ಕೆ ತರುತ್ತಿದ್ದರೆ ಭೂಮಿಯ ವಯಸ್ಸು ನೂರಾರು ಕೋಟಿಗೆ ಏರಬಹುದು. ಮರುವರ್ಷ ಬೆಕೆರೆಲ್ ಕಂಡ ವಿಕಿರಣಶೀಲತೆ, ಕೆಲ್ವಿನ್ನರ ಖಾತೆಯಲ್ಲಿ ಜಮೆಯಾಗದಿದ್ದ ಮತ್ತೊಂದು ವರಮಾನವನ್ನು ತೋರಿಸಿತು; ಶಿಲೆಗಳ ವಯಸ್ಸನ್ನು ಎಣಿಸುವ ಗಡಿಯಾರವನ್ನೂ ಕೊಟ್ಟಿತು. ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷವೆಂದು ಇಂದು ನಿರ್ಣಯವಾಗಿದೆ.

ಗಣಿಯಲ್ಲಿ ಕಂಡ ಕಾವು ಬಹುಪಾಲು ಭೂಮಿಯ ಹೊರಪದರಗಳದು. ಸುಮಾರು ೨,೯೦೦ ಕಿಲೋಮೀಟರ್ ಆಳದಲ್ಲಿ ತಿರುಳು ಮೊದಲಾಗುತ್ತದೆ. ಅದರ ಇರವನ್ನು ೧೯೦೬ರಲ್ಲಿ ತೋರಿಸಿದ ಆರ್. ಡಿ. ಓಲ್ಡ್‌ಹ್ಯಾಮ್, ಭಾರತದ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದು ೧೮೯೭ರ ಅಸ್ಸಾಂ ಭೂಕಂಪವನ್ನು ಅಭ್ಯಸಿಸಿದವರು. ೧೯೩೬ರಲ್ಲಿ ಡೆನ್ಮಾರ್ಕಿನ ವಿದುಷಿ ಇಂಗೆ ಲೆಹ್ಮನ್ ಅದರೊಳಗೆ ಮತ್ತೊಂದು ತಿರುಳಿದೆಯೆಂದು ಕಂಡರು. ಹೊರತಿರುಳು ಬಹುಮಟ್ಟಿಗೆ ಕರಗಿದ ಕಬ್ಬಿಣ, ಒಳತಿರುಳು ಗಟ್ಟಿ. ತಿರುಳು ಆರುತ್ತಿರುವುದರಿಂದ ಒಳತಿರುಳು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಬೆಳೆಯುತ್ತಿದೆ. ಕಬ್ಬಿಣ ಗಟ್ಟಿಯಾಗುವಾಗ ಹೊರಬೀಳುವ ಕಾವೂ ಹಗುರ ಧಾತುಗಳೂ ಹೊರತಿರುಳನ್ನು ಕದಡುತ್ತವೆ. ಆ ಹರಿವೇ ಭೂಮಿಯ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಸೂರ್ಯನಿಂದ ಬೀಸಿಬರುವ ಕಣಪ್ರವಾಹವನ್ನು ಬಹುಮಟ್ಟಿಗೆ ಸರಿಸುವ ಕವಚ ನಿಂತಿರುವುದು ಹೀಗೆ ಆರುವಿಕೆಯಿಂದಲೇ. ಮಂಗಳ ಗ್ರಹದ ಅಂಥ ಕವಚ ಸುಮಾರು ೪೦೦ ಕೋಟಿ ವರ್ಷಗಳ ಹಿಂದೆ ನಂದಿತು. ಭೂಮಿಗೆ ಆ ಭಯ ಸಮೀಪದಲ್ಲಿಲ್ಲ; ತಿರುಳಿನ ಗಾತ್ರದಲ್ಲಿ ಇದುವರೆಗೆ ಗಟ್ಟಿಯಾದುದು ನೂರಕ್ಕೆ ನಾಲ್ಕು ಪಾಲು.

ಆ ಕಾಂತಕ್ಷೇತ್ರದ ಬಲು ಹಳೆಯ ಸಾಕ್ಷ್ಯವೂ ಕನ್ನಡ ನಾಡಿನಲ್ಲಿದೆ. ಬೆಂಗಳೂರು, ಹಾರೋಹಳ್ಳಿಗಳ ಸುತ್ತ ಹಳೆಯ ಶಿಲೆಯನ್ನು ಸೀಳಿ ನಿಂತ ಕಪ್ಪು ಶಿಲೆಯ ಗೋಡೆಗಳಲ್ಲಿ ಕೆಲವು, ಸುಮಾರು ೨೩೭ ಕೋಟಿ ವರ್ಷಗಳ ಹಿಂದೆ ಶಿಲಾರಸವಾಗಿ ಮೇಲೇರಿ ಆರಿದವು. ಆರುವಾಗ ಅವುಗಳಲ್ಲಿನ ಕಬ್ಬಿಣದ ಖನಿಜಗಳು ಅಂದಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಂಡವು. ಈ ನೆಲ ಅಂದು ಧ್ರುವಕ್ಕೆ ಸಮೀಪದಲ್ಲಿತ್ತೆಂದು ಭೂವಿಜ್ಞಾನಿಗಳು ಅದರಿಂದ ಓದಿದ್ದಾರೆ.

ಕೋಲಾರದ ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಅದರ ಆಳದ ಸುರಂಗಗಳಲ್ಲಿ ನೀರು ತುಂಬಿದೆ. ಕನಕಪುರ ಸೀಮೆಯ ಕಪ್ಪು ಶಿಲೆಯಾದರೋ ನೆಲಹಾಸಾಗಿ, ಗೋರಿಗಲ್ಲಾಗಿ ಹೊರಗೆ ಹೋಗಿದೆ. ಹಲ್ಮಿಡಿಯ ಕಲ್ಲನ್ನು ಜೋಪಾನ ಮಾಡಿದ ನಾಡು ಅಕ್ಷರವಿಲ್ಲದ ಈ ಶಾಸನಗಳಲ್ಲಿ ಕೆಲವನ್ನಾದರೂ ಇದ್ದ ಎಡೆಯಲ್ಲಿಯೇ ಉಳಿಸಿಕೊಳ್ಳುವುದು ಯುಕ್ತ. ಒಡೆದ ಮೇಲೆ ಅವುಗಳ ದಿಕ್ಕನ್ನು ಹೇಳಬಲ್ಲವರು ಯಾರೂ ಇರುವುದಿಲ್ಲ.